ಖಳನಾಯಕನ ಹಸು

ಕರೆಂಟು ಕಂಬ ಹತ್ತುವುದು ಅಪಾಯ, ಹಳೇ ಬಾವಿಯ ಹೂಳೆತ್ತುವುದು ಅಪಾಯ, ಮಗಳನ್ನು ಕೊಟ್ಟ ಮನೆಯಲ್ಲಿ ನಾಲ್ಕನೇ ದಿನ ಉಳಿಯುವುದು ಅಪಾಯ. ಇಷ್ಟು ನಮ್ಮೂರಿಗೆ ಗೊತ್ತಿತ್ತು. ಕತೆ ಬರೆಯುವುದೂ ಈ ಸಾಲಿಗೆ ಸೇರಿದ್ದು ಎಂದು ಯಾರೂ ಹೇಳಿರಲಿಲ್ಲ. ಕೋದಂಡಪ್ಪನಿಗಂತೂ ಗೊತ್ತೇ ಇರಲಿಲ್ಲ, ಪಾಪ.

ಕೋದಂಡಪ್ಪ ನಮ್ಮೂರ ಹಾಲಿನ ಡೈರಿಯ ಟೆಸ್ಟರ್. ಬಂಗಾರಪೇಟೆಯಿಂದ ಆರು ಕಿಲೋಮೀಟರು ಒಳಗಿರುವ ನಮ್ಮೂರಲ್ಲಿ ಮನುಷ್ಯರಿಗಿಂತ ಸೀಮೆಹಸುಗಳು ಹೆಚ್ಚು. ಇಪ್ಪತ್ತಾರು ವರ್ಷ, ದಿನಕ್ಕೆ ಎರಡು ಹೊತ್ತು, ಜನ ತಂದ ಹಾಲಿಗೆ ಆತ ಲ್ಯಾಕ್ಟೋಮೀಟರು ಎಂಬ ಗಾಜಿನ ಕಡ್ಡಿ ಬಿಟ್ಟು, ನೀರು ಬೆರೆತಿದೆಯೇ ಎಂದು ನೋಡುತ್ತಿದ್ದ. ಡಿಗ್ರಿ ಬಂದರೆ ‘ಹ್ಞೂ’. ಬಾರದಿದ್ದರೆ ‘ವಾಪಸ್’. ಕ್ಯಾನು ಸರಿಯಾಗಿ ತೊಳೆದಿಲ್ಲ ಎಂದು ಅನುಮಾನ ಬಂದರೆ ಮೂಗನ್ನು ಅದರ ಬಾಯೊಳಗೆ ಇಳಿಸಿ, ದೀರ್ಘವಾಗಿ ಉಸಿರೆಳೆದು, ಆಗಲೂ ‘ವಾಪಸ್’. ಡೈರಿಯಲ್ಲಿ ಆತ ಮೂರನೆಯ ಮಾತನ್ನು ಆಡಿದ್ದು ಕೇಳಿದವರಿಲ್ಲ. ವಾಪಸ್ ಆದದ್ದನ್ನು ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ, ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ. ಮನೆಯಲ್ಲಿ ಹಸು ಸಾಕಿರಲಿಲ್ಲ. ‘ಅಳೆಯುವವನು ಕರೆಯಬಾರದು’ ಎನ್ನುವುದು ಆತನ ಸಿದ್ಧಾಂತ.

ಈ ಸಿದ್ಧಾಂತದಿಂದ ಆತನ ಹೆಂಡತಿ ರಾಧಾಮಣಿಗೆ ಒಂದು ಕೊರತೆ ಉಂಟಾಗಿತ್ತು. ನಮ್ಮ ಕಡೆ ಹಸು ಕರು ಹಾಕಿದರೆ ಮೊದಲ ಮೂರು ದಿನದ ಹಾಲನ್ನು ಡೈರಿಗೆ ಹಾಕುವುದಿಲ್ಲ, ಗಿಣ್ಣು ಮಾಡಿ ಬೀದಿಗೆಲ್ಲ ಹಂಚುತ್ತಾರೆ. ತೆಗೆದುಕೊಂಡವರು ಆ ಪಾತ್ರೆಯನ್ನು ತೊಳೆಯದೆ, ಒಳಗೊಂದು ಉಂಡೆ ಬೆಲ್ಲ ಇಟ್ಟು ಹಿಂದಿರುಗಿಸಬೇಕು. ತೊಳೆದು ಕೊಟ್ಟರೆ ಹಸುವಿನ ಹಾಲು ಬತ್ತುತ್ತದೆ ಎಂದು ನಂಬಿಕೆ. ಅಂಥ ಗಿಣ್ಣಿನ ಪಾತ್ರೆ ಕೋದಂಡಪ್ಪನ ಹೊಸಿಲು ದಾಟಿ ಹನ್ನೆರಡು ವರ್ಷವಾಗಿತ್ತು. ಬಲಗಡೆ ಮನೆಗೆ ಕೊಟ್ಟು, ಎಡಗಡೆ ಮನೆಗೆ ಕೊಟ್ಟು, ಇವರ ಬಾಗಿಲ ಮುಂದೆ ಜನ ಸೆರಗು ಸರಿಮಾಡಿಕೊಳ್ಳುತ್ತಾ ದಾಟಿಹೋಗುತ್ತಿದ್ದರು.

“ನ್ಯಾಯವಾಗಿರೋನಿಗೆ ಜನ ಎದರ್ತಾರೆ ಕಣೆ,” ಎನ್ನುತ್ತಿದ್ದ ಕೋದಂಡಪ್ಪ.

“ಅಂಗಾರೆ ನಿನ್ ನ್ಯಾಯಾನೇ ಅರ್ಧ ಚೊಂಬು ಕೊಡು, ಏಲಕ್ಕಿ ಆಕಿ ಕಾಸ್ತೀನಿ,” ಎನ್ನುತ್ತಿದ್ದಳು ರಾಧಾಮಣಿ.

ಹನ್ನೆರಡು ವರ್ಷದ ಲೆಕ್ಕ ಎಲ್ಲಿಂದ ಶುರುವಾಯಿತು ಎಂದು ಊರಿಗೆ ಗೊತ್ತು. ಒಂದು ಮಾಗಿಯ ಬೆಳಗ್ಗೆ ಮುನಿರತ್ನಮ್ಮ ಎಲ್ಲರಿಗಿಂತ ಮೊದಲು ಡೈರಿಗೆ ಬಂದಿದ್ದಳು. ಗಂಡ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ, ಒಂದೇ ಹಸು. ಆಕೆಯ ಹಾಲು ಡಿಗ್ರಿ ಬರಲಿಲ್ಲ. ಆ ವಾರ ಮೇಲಿನವರು ಡೈರಿಗೆ ಬಂದು ‘ನಿಮ್ಮೂರ ಹಾಲು ನೀರು’ ಎಂದು ಬೈದು ಹೋಗಿದ್ದರಿಂದ ಕೋದಂಡಪ್ಪ ವಾಪಸ್ ಎನ್ನುವುದಕ್ಕೆ ನಿಲ್ಲಲಿಲ್ಲ. ಸಾಲಿನಲ್ಲಿದ್ದ ಅಷ್ಟೂ ಜನರ ಎದುರಿಗೆ ಕ್ಯಾನು ಎತ್ತಿ ಮೋರಿಗೆ ಸುರಿದುಬಿಟ್ಟ. “ನೀರು ಆಕಿಲ್ಲಣ್ಣಾ,” ಎಂದು ಆಕೆ ಮೂರು ಸಲ ಅಂದಳು. ಅಂದಿನಿಂದ ಆಕೆಯ ಹೆಸರು ನೀರು ಮುನಿರತ್ನಮ್ಮ ಎಂದಾಯಿತು. ಅಂದಿನಿಂದಲೇ ಆಕೆ ಡೈರಿಗೆ ಕಾಲಿಡಲಿಲ್ಲ. ಬಂಗಾರಪೇಟೆ ಸ್ಟೇಷನ್ನಿನ ಎದುರಿನ ಒಂದು ಹೋಟೆಲಿಗೆ ದಿನಾ ಹಾಲು ಹೊತ್ತು ಹಾಕುತ್ತಿದ್ದಳು. ಕೋದಂಡಪ್ಪನಿಗೆ ಗಿಣ್ಣು ಕೊಡಬೇಡಿ ಎಂದು ಆಕೆ ಯಾರಿಗೂ ಹೇಳಲಿಲ್ಲ. ಯಾರೂ ಕೂತು ತೀರ್ಮಾನ ಮಾಡಲೂ ಇಲ್ಲ. ಅದು ತಾನಾಗಿ ನಿಂತುಹೋಯಿತು.

ಈ ವರ್ಷ ಡೈರಿಗೆ ಹಾಲು ಅಳೆಯುವ ಮಿಷನ್ನು ಬಂತು, ಕೋದಂಡಪ್ಪನಿಗೆ ನಿವೃತ್ತಿ ಬಂತು, ಸಂಘಕ್ಕೆ ಮೂವತ್ತು ವರ್ಷ ತುಂಬಿತು. ಮೂರನ್ನೂ ಒಂದೇ ಶಾಮಿಯಾನದಡಿ ಮುಗಿಸುವುದೆಂದು ಸಂಘದ ಅಧ್ಯಕ್ಷ ಅಶ್ವತ್ಥಪ್ಪ ನಿರ್ಧರಿಸಿದ.

“ಒಂದು ಪುಸ್ತಕನೂ ಮಾಡಾನ ಕೋದಂಡಣ್ಣಾ,” ಎಂದ. “ಬರೀ ನನ್ ಫೋಟೋ ಆಕಿದ್ರೆ ಚೆನ್ನಾಗಿರಲ್ಲ. ಮಧ್ಯದಾಗೆ ಒಂದು ಕತೆ ಇರ್ಲಿ. ನಿನ್ ಅಕ್ಷರ ದುಂಡುಗೈತೆ, ನೀನೇ ಬರಿ.”

ಅಕ್ಷರ ದುಂಡಗಿರುವವರೆಲ್ಲ ಕತೆ ಬರೆಯಬಲ್ಲರು ಎಂಬ ಈ ತತ್ವವನ್ನು ಪರೀಕ್ಷಿಸಲು ಆಗ ಊರಲ್ಲಿ ಬೇರೆ ಯಾವ ಮೀಟರೂ ಇರಲಿಲ್ಲ. ಕೋದಂಡಪ್ಪ ಒಪ್ಪಿಕೊಂಡ. ತಾನು ಹೋದ ಮೇಲೆ ಊರಲ್ಲಿ ಏನು ಉಳಿಯುತ್ತದೆ ಎಂಬ ಚಿಂತೆ ಆತನಿಗೆ ಹತ್ತಿಕೊಂಡಿತ್ತು. ಮಿಷನ್ನು ನಾಳೆ ಬಂದು ‘ಹ್ಞೂ’ ಎನ್ನುತ್ತದೆ. ಇಪ್ಪತ್ತಾರು ವರ್ಷ ಹ್ಞೂ ಎಂದವನನ್ನು ಯಾರು ನೆನೆಯುತ್ತಾರೆ? ಅಚ್ಚಾದ ಪುಸ್ತಕದಲ್ಲಾದರೂ ಒಳ್ಳೆಯವನು ಎಂದು ಉಳಿಯಬೇಕು. ಆತ ಮೂರು ದಿನ ರಿಜಿಸ್ಟರಿನ ಖಾಲಿ ಹಾಳೆಗಳಲ್ಲಿ ಬರೆದು, ರೈಲು ಹತ್ತಿ ಚಾಂಪಿಯನ್ ರೀಫ್ಸಿಗೆ ಹೋದ.

ಅಲ್ಲಿ ಮುನಿರಾಜನ ಪ್ರೆಸ್ಸಿದೆ. ಅವನಪ್ಪ ಗಣಿಯೊಳಗೆ ಇಳಿದು ಚಿನ್ನದ ಕಲ್ಲು ಒಡೆದವನು. ಗಣಿ ಮುಚ್ಚಿದ ಮೇಲೆ ಮಗ ಮದುವೆ ಕಾರ್ಡು, ಸಾವಿನ ಪೋಸ್ಟರು ಅಚ್ಚು ಹಾಕಿ ಬದುಕುತ್ತಿದ್ದಾನೆ. ಮನೆ ಮಾತು ತಮಿಳಾದರೂ ಕನ್ನಡದ ಕಾಗುಣಿತ ಅವನಷ್ಟು ಬಲ್ಲವರು ಸುತ್ತಮುತ್ತ ಇಲ್ಲ. ಹಾಳೆಗಳನ್ನು ಓದಿ ಕನ್ನಡಕ ತೆಗೆದಿಟ್ಟ.

“ಎನ್ನ ಸಾರ್ ಇದು? ಸತ್ಯಶೀಲ ಎದ್ದ. ಸತ್ಯಶೀಲ ಹಾಲು ಅಳೆದ. ಸತ್ಯಶೀಲ ಒಳ್ಳೇದು ಮಾಡಿದ. ಸತ್ಯಶೀಲ ಮಲಗಿದ. ಇದು ಕತೆ ಇಲ್ಲ ಸಾರ್, ಕಣ್ಣೀರ ಶ್ರದ್ಧಾಂಜಲಿ. ಒಂದು ಫೋಟೋ ಕೊಡಿ, ಕಪ್ಪು ಬಾರ್ಡರ್ ಹಾಕಿ ಕೊಡ್ತೀನಿ.”

“ಮತ್ತೇನ್ ಆಕ್ಬೇಕಪ್ಪಾ?”

“ನಾಯಕ ಇದ್ದಾನೆ, ಎದುರಿಗೆ ಯಾರು? ಖಳನಾಯಕ ಬೇಕು ಸಾರ್. ಅವನು ಎಷ್ಟು ಜೋರಾಗಿದ್ರೆ ನಿಮ್ಮೋನು ಅಷ್ಟು ಜೋರು. ಅವನಿಗೆ ಒಂದು ಗುರುತು ಕೊಡಿ, ಓದೋರಿಗೆ ಕಣ್ಣಿಗೆ ಕಾಣ್ಬೇಕು. ಆಮೇಲೆ ಸ್ವಲ್ಪ ವರ್ಣನೆ. ಚಳಿ, ಮಂಜು, ಅದೂ ಇದೂ.”

ಕೋದಂಡಪ್ಪ ಇದನ್ನೆಲ್ಲ ಅಂಗೈ ಮೇಲೆ ಬರೆದುಕೊಂಡ.

“ಮುಖ್ಯವಾದ್ದು ಇನ್ನೊಂದು, ಸಾರ್. ಖಳನಾಯಕನಿಗೂ ಒಂದು ನ್ಯಾಯ ಇರ್ಬೇಕು. ನಾಯಕನಲ್ಲೂ ಒಂದು ತಪ್ಪು ಇರ್ಬೇಕು.”

ಕೋದಂಡಪ್ಪ ಸ್ವಲ್ಪ ಹೊತ್ತು ಪ್ರಾಮಾಣಿಕವಾಗಿ ಯೋಚಿಸಿದ.

“ಉಡುಕಿ ನೋಡಿದೆ ಮುನಿರಾಜು. ನಮ್ ಸತ್ಯಶೀಲನಲ್ಲಿ ಇಲ್ಲ,” ಎಂದ. ಅಷ್ಟರಲ್ಲಿ ಮಾರಿಕುಪ್ಪಂ ಕಡೆಯಿಂದ ರೈಲು ಕೂಗಿದ್ದರಿಂದ ಎದ್ದು ಹೊರಟ.

ದಾರಿಯುದ್ದಕ್ಕೂ ಆತ ಖಳನಾಯಕನನ್ನು ಕಟ್ಟಿದ. ಯಾರ ಮನಸ್ಸೂ ನೋಯಬಾರದು ಎಂದು ಊರಲ್ಲಿಲ್ಲದ ಹೆಸರು ಹುಡುಕಿ ‘ದುರ್ಜಯ’ ಎಂದಿಟ್ಟ. ಮೀಸೆ ಕೊಟ್ಟರೆ ಮೀಸೆಯಿದ್ದವರು ಬರುತ್ತಾರೆ, ಕುಂಟು ಕಾಲು ಕೊಟ್ಟರೆ ಕುಂಟುವವರು ಬರುತ್ತಾರೆ. ಹಾಗಾಗಿ ಮನುಷ್ಯನ ಮೈಗೆ ಕೈಹಾಕದೆ ಗುರುತನ್ನು ದುರ್ಜಯನ ಹಸುವಿಗೆ ಕೊಟ್ಟ. ಡೈರಿಯ ಗೋಡೆಯ ಮೇಲೆ ಹಿಂಡಿ ಕಂಪನಿಯವರ ಕ್ಯಾಲೆಂಡರಿತ್ತು, ಅದರಲ್ಲೊಂದು ಹಸುವಿತ್ತು. ಕಪ್ಪು ಮೈ, ಹಣೆಯ ಮಧ್ಯೆ ಬಿಳಿ ಚುಕ್ಕಿ. ಕ್ಯಾಲೆಂಡರಿನ ಹಸು ಬಂದು ಜಗಳ ಮಾಡುವುದಿಲ್ಲವಲ್ಲ.

ಇಲ್ಲಿಯೇ ತಪ್ಪಾದದ್ದು. ಇಪ್ಪತ್ತಾರು ವರ್ಷ ಕೋದಂಡಪ್ಪ ನೋಡಿದ್ದು ಕ್ಯಾನುಗಳ ಒಳಗನ್ನು. ಹಸುಗಳ ಮುಖವನ್ನು ಆತ ನೋಡಿರಲಿಲ್ಲ. ಕೆಲವು ವರ್ಷದ ಹಿಂದೆ ಹಸುಗಳಿಗೆ ಗಬ್ಬದ ಸೂಜಿ ಹಾಕುವ ಡಾಕ್ಟರು ಒಂದೇ ಹೋರಿಯ ಸೂಜಿಯನ್ನು ಊರಿಗೆಲ್ಲ ಹಾಕಿ ಮುಗಿಸಿದ್ದರು. ಆಮೇಲೆ ಹುಟ್ಟಿದ ಕರುಗಳೆಲ್ಲ ಅಪ್ಪನನ್ನು ಹೋಲುತ್ತಿದ್ದವು. ನಮ್ಮೂರ ಅರವತ್ತು ಹಟ್ಟಿಗಳಲ್ಲಿ ನಲವತ್ತರಲ್ಲಿ, ಕಪ್ಪು ಮೈಯ ಮೇಲೆ, ಹಣೆಯ ನಡುವೆ, ಬಿಳಿ ಚುಕ್ಕಿ. ಅದೂ ಅಲ್ಲದೆ ನಮ್ಮೂರಲ್ಲಿ ಯಾರನ್ನೇ ಗುರುತಿಸುವುದು ಹಸುವಿನಿಂದ. ರಸ್ತೆಯಲ್ಲಿ ಎದುರಾದ ಮನುಷ್ಯನನ್ನು ಮರೆತಾರು, ಅವನ ಹಸುವನ್ನು ಮರೆಯರು.

ಸಂಜೆ ಕೋದಂಡಪ್ಪ ಜಗಲಿಯಲ್ಲಿ ಕೂತು ರಾಧಾಮಣಿಗೆ ಕತೆ ಓದಿ ಹೇಳಿದ. ದುರ್ಜಯನೆಂಬ ಕಪಟಿ, ಹಣೆಯಲ್ಲಿ ಚುಕ್ಕಿಯಿದ್ದ ಅವನ ಹಸು, ಹಾಲಿಗೆ ಅವನು ಬೆರೆಸುವ ನೀರು. ಕೊನೆಯಲ್ಲಿ ಸತ್ಯಶೀಲ ಆ ಹಾಲನ್ನು ಜನರೆದುರು ಮೋರಿಗೆ ಸುರಿದು ಧರ್ಮವನ್ನು ಉಳಿಸುತ್ತಾನೆ. ರಾಧಾಮಣಿ ಅವರೆಕಾಯಿ ಸುಲಿಯುತ್ತಾ ಕೇಳಿದಳು. ಪಕ್ಕದ ಗೋಡೆಗೆ ಬೆರಣಿ ತಟ್ಟುತ್ತಿದ್ದ ಮುನಿಗಂಗಮ್ಮನೂ ಕೇಳಿದಳು. ಕೈಯಲ್ಲಿದ್ದ ಬೆರಣಿಯನ್ನು ಅಲ್ಲೇ ಬಿಟ್ಟು ಹಟ್ಟಿಗೆ ಓಡಿ, ತನ್ನ ಹಸುವಿನ ಮುಖ ನೋಡಿದಳು.

ಮರುದಿನ ಊರು ವಿಚಿತ್ರವಾಗಿತ್ತು. ಮುನಿಗಂಗಮ್ಮನ ಹಸುವಿನ ಹಣೆಗೆ ಅಂಗೈಯಗಲ ಅರಿಶಿನ ಮೆತ್ತಿತ್ತು. ಕೇಳಿದರೆ “ಶುಕ್ರವಾರದ ಪೂಜೆ” ಎಂದಳು. ಅಂದು ಮಂಗಳವಾರ. ಮೂಲೆಮನೆಯ ವೆಂಕಿ ತನ್ನ ಹಸುವಿಗೆ ತಲೆಗೆ ಹಚ್ಚುವ ಕಪ್ಪು ಬಣ್ಣ ಬಳಿದಿದ್ದ. ಬಣ್ಣ ಕಣ್ಣಿನವರೆಗೂ ಇಳಿದು, ಹಸು ಯಾರ ಮೇಲೋ ಮುನಿಸಿಕೊಂಡ ಹೆಂಗಸಿನಂತೆ ಕಾಣುತ್ತಿತ್ತು. ಅಧ್ಯಕ್ಷ ಅಶ್ವತ್ಥಪ್ಪ ತನ್ನ ಹಸುವಿನ ಹಣೆಗೆ ಟವೆಲು ಸುತ್ತಿಸಿದ್ದ.

“ಏನಾಯ್ತಣ್ಣಾ?” ಎಂದು ಕಂಡವರು ಕೇಳಿದರು.

“ತಲೆನೋವು ಕಣಪ್ಪಾ ಅದಕ್ಕೆ.”

ಅಂದಿನಿಂದ ನಾಲ್ಕು ಸಂಜೆ ಕೋದಂಡಪ್ಪನ ಜಗಲಿಗೆ ಜನ ಒಬ್ಬೊಬ್ಬರಾಗಿ ಬಂದರು. ಮೊದಲು ಬಂದವನು ವೆಂಕಿ.

“ಅಣ್ಣಾ, ಆ ಚುಕ್ಕಿ ತೆಗೆದಾಕು.”

“ಗುರುತಿಲ್ದಿದ್ರೆ ಅವನು ಖಳನಾಯಕ ಎಂಗಾಗ್ತಾನ್ಲಾ? ಪ್ರೆಸ್ಸಿನೋರು ಒಪ್ಪಲ್ಲ.”

“ಅಂಗಾರೆ ಒಂದು ಕಾರಣನಾದ್ರೂ ಆಕು. ಮಗಳು ಆಸ್ಪತ್ರೇಲಿದ್ಲು, ಅವತ್ತು ಬೇರೆ ದಾರಿ ಇರ್ಲಿಲ್ಲ ಅಂತ.”

“ಯಾರ್ ಮಗಳು?”

“ನನ್ ಮಗಳೇ ಅಣ್ಣಾ. ಓದೊರ್ಷ ಡೆಂಗಿ ಜ್ವರ ಬಂದಿತ್ತಲ್ಲ. ನಾಲ್ಕು ದಿನ ಒಂದೊಂದು ಚೊಂಬು ನೀರು ಆಕಿದ್ದು ನಿಜ. ಗೊತ್ತಾಗಿ ತಾನೆ ನೀನು ಬರೆದಿರೋದು?”

ಕೋದಂಡಪ್ಪನಿಗೆ ಗೊತ್ತಿರಲಿಲ್ಲ. ಆ ನಾಲ್ಕೂ ದಿನ ಆತ ವೆಂಕಿಯ ಹಾಲಿಗೆ ಹ್ಞೂ ಎಂದಿದ್ದ.

“ಡಿಗ್ರಿ ಬಂದಿತ್ತಲ್ಲೋ.”

“ಸಕ್ಕರೆ ಅಣ್ಣಾ,” ಎಂದ ವೆಂಕಿ ತಲೆ ತಗ್ಗಿಸಿ. “ಒಂದು ಇಡಿ ಸಕ್ಕರೆ ಕಲಸಿದ್ರೆ ನಿನ್ ಕಡ್ಡಿ ಮೇಲಕ್ಕೆ ಬತ್ತದೆ. ಊರಿಗೆಲ್ಲ ಗೊತ್ತು.”

ಕೋದಂಡಪ್ಪ ಗಾಳಿ ಬೇಕೆಂದು ಅಂಗಿಯ ಗುಂಡಿ ಬಿಚ್ಚಿದ. ಮಗಳು, ಆಸ್ಪತ್ರೆ, ಜ್ವರ ಎಲ್ಲವನ್ನೂ ದುರ್ಜಯನಿಗೆ ಬರೆದುಕೊಂಡ.

ಆಮೇಲೆ ಮುನಿಗಂಗಮ್ಮ. “ಅಣ್ಣಯ್ಯಾ, ಯುಗಾದಿಗೆ ನೆಂಟ್ರು ಬಂದ್ರು. ಕಾಫಿಗೆ ಅಂತ ತೆಗೆದೆ, ಅಳತೆ ಕಮ್ಮಿ ಆಯ್ತು. ಎರಡೇ ಎರಡು ಲೋಟ ಸೇರಿಸ್ದೆ. ಅದನ್ನ ನೀರು ಅಂತಾರಾ ಯಾರಾದ್ರೂ? ಅದು ಮರ್ಯಾದೆ. ನೆಂಟ್ರು ಬಂದಿದ್ರು ಅಂತ ಬರಿ.” ಕೋದಂಡಪ್ಪ ಬರೆದುಕೊಂಡ. ಮೂರನೆಯ ಸಂಜೆ ಕತ್ತಲಾಗುವ ಮುಂಚೆ ಅಶ್ವತ್ಥಪ್ಪನೇ ಬಂದ, ಹಿಂದೆ ಮುಂದೆ ನೋಡಿ ಜಗಲಿಯ ಕಂಬದ ಮರೆಗೆ ಕೂತ.

“ನಾನು ಇಲ್ಲಿಗೆ ಬಂದಿಲ್ಲ, ತಿಳೀತಾ?”

“ತಿಳೀತು.”

“ಎಲೆಕ್ಷನ್ ವರ್ಷ ಅದು. ಅಧ್ಯಕ್ಷನಾಗೋನ ಮನೆ ಆಲು ಊರಿಗಿಂತ ಜಾಸ್ತಿ ಇರ್ಬೇಕೋ ಬೇಡ್ವೋ? ನಿನ್ ದುರ್ಜಯ ದುರಾಸೆಯಿಂದ ಆಕಿದ್ದಲ್ಲ, ಸಂಘದ ಗೌರವಕ್ಕೆ ಆಕ್ದ ಅಂತ ಒಂದು ಸಾಲು ಸೇರ್ಸು. ನಾನು ಬಂದಿಲ್ಲ.”

ಹೀಗೆ ದುರ್ಜಯನಿಗೆ ಒಬ್ಬಳು ಮಗಳಾದಳು, ಮಗಳಿಗೆ ಜ್ವರ ಬಂತು, ಬಾಗಿಲಿಗೆ ನೆಂಟರು ಬಂದರು, ಅವನಿಗೆ ಊರಿನ ಗೌರವದ ಚಿಂತೆ ಹತ್ತಿತು. ಒಬ್ಬಳು ಬಂದು ಅವನಿಗೆ ಸೊಂಟನೋವು ಕೊಟ್ಟುಹೋದಳು. ಇನ್ನೊಬ್ಬ ಬಂದು ಬೋರ್‌ವೆಲ್ಲು ಕೆಟ್ಟ ದಿನ ಅವನು ಅಕ್ಕಪಕ್ಕದವರಿಗೆ ನೀರು ಹೊತ್ತದ್ದನ್ನು ಸೇರಿಸಿದ. ನಾಲ್ಕು ಸಂಜೆಯಲ್ಲಿ ಕೋದಂಡಪ್ಪನಿಗೆ ಊರಿನ ಹಾಲಿನ ಬಗ್ಗೆ ತಿಳಿದದ್ದು ಗಾಜಿನ ಕಡ್ಡಿ ಇಪ್ಪತ್ತಾರು ವರ್ಷದಲ್ಲಿ ತಿಳಿಸಿರಲಿಲ್ಲ. ಆದರೆ ಬಂದವರಲ್ಲಿ ಒಬ್ಬರೂ ಸತ್ಯಶೀಲನ ಬಗ್ಗೆ ಒಂದು ಮಾತು ಕೇಳಲಿಲ್ಲ. ಅವನು ಬಿಳಿ ಪಂಚೆಯುಟ್ಟು, ಕಡ್ಡಿ ಹಿಡಿದು, ಮೊದಲ ದಿನ ಹೇಗೆ ನಿಂತಿದ್ದನೋ ಹಾಗೇ ನಿಂತಿದ್ದ.

ಬಾರದೆ ಉಳಿದವಳು ಮುನಿರತ್ನಮ್ಮ. ಮೋರಿಗೆ ಹಾಲು ಸುರಿಯುವ ಕಡೆ ಬಂದಾಗ ಅದು ಯಾರ ಕತೆ ಎಂದು ಇಡೀ ಊರಿಗೆ ಗೊತ್ತು. ಬಾಯಲ್ಲಿದ್ದ ‘ನೀರು ಮುನಿರತ್ನಮ್ಮ’ ಇನ್ನು ಪುಸ್ತಕದಲ್ಲೂ ಅಚ್ಚಾಗುತ್ತದೆ, ಮೊಮ್ಮಕ್ಕಳ ಕಾಲಕ್ಕೂ ಅಳಿಯುವುದಿಲ್ಲ ಎಂದು ಜನ ಆಡಿಕೊಂಡರು. ರಾಧಾಮಣಿ ಗಂಡನಿಗೆ ಅದೊಂದು ಭಾಗ ಬಿಟ್ಟುಬಿಡು ಎಂದಳು. “ಅದೇ ಕಣೆ ಸತ್ಯಶೀಲನ ದೊಡ್ಡ ಕೆಲಸ. ಅದನ್ನ ತೆಗೆದ್ರೆ ಅವನು ಏನು ಮಾಡ್ದ ಅಂತ ಏಳ್ಲಿ?” ಎಂದ ಕೋದಂಡಪ್ಪ.

ನಾಲ್ಕನೆಯ ಸಂಜೆ, ಎಲ್ಲರೂ ಹೋದ ಮೇಲೆ, ಮುನಿರತ್ನಮ್ಮ ಬಂದಳು. ಬಂಗಾರಪೇಟೆಯಿಂದ ನೇರ ಬಂದಿದ್ದಳು, ಖಾಲಿ ಕ್ಯಾನು ಸೊಂಟದ ಮೇಲಿತ್ತು. ಜಗಲಿ ಹತ್ತಲಿಲ್ಲ.

“ಎಲ್ಲಾರಿಗೂ ಓದಿ ಏಳಿದ್ದೀಯಂತೆ. ನಂಗೂ ಏಳು. ಮೋರಿದು ಮಾತ್ರ.”

ಕೋದಂಡಪ್ಪ ಹಾಳೆಗಳನ್ನು ಮಡಚಲು ನೋಡಿದ. ಆದರೂ ಓದಿದ. ಮುನಿರಾಜ ಹೇಳಿದಂತೆ ಆ ಭಾಗಕ್ಕೆ ವರ್ಣನೆಯನ್ನು ಧಾರಾಳವಾಗಿ ಸುರಿದಿದ್ದ. “ಮಾಗಿಯ ಚಳಿ ಕೊರೆಯುತ್ತಿತ್ತು. ಮಂಜಿನಲ್ಲಿ ಕೋಲಾರದ ಬೆಟ್ಟವೇ ಮುಳುಗಿತ್ತು. ದುರ್ಜಯನು ಸಾಲಿನಲ್ಲಿ ಮೊದಲಿಗನಾಗಿ ನಿಂತಿದ್ದನು. ಅವನ ಕ್ಯಾನಿನ ಹಾಲಿನಿಂದ, ಸಾಧುವಿನ ಅಗ್ಗಿಷ್ಟಿಕೆಯಿಂದ ಹೊಗೆ ಏಳುವಂತೆ, ಹಬೆಯು ಏಳುತ್ತಿತ್ತು.”

“ನಿಲ್ಸು,” ಎಂದಳು ಮುನಿರತ್ನಮ್ಮ. “ಅಬೆ ಏಳ್ತಿತ್ತು ಅಂತ ನೀನೇ ಬರೆದ್ಯಾ?”

“ನಾನೇ.”

“ನೋಡಿದ್ದು ನೆನಪೈತಾ?”

“ಕಣ್ಣಿಗೆ ಕಟ್ಟಿದಂಗೈತೆ.”

ಆಕೆ ಖಾಲಿ ಕ್ಯಾನನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿದಳು. “ಅದನ್ನ ಮಾತ್ರ ಅಳಿಸ್ಬೇಡ ಅಣ್ಣಾ. ಅಂಗೇ ಇರ್ಲಿ. ನಂಗೆ ಬೇರೆ ಕಾರಣ ಏನೂ ಆಕ್ಬೇಡ,” ಎಂದು ಹೊರಟುಹೋದಳು.

ಕೋದಂಡಪ್ಪನ ಎದೆ ಉಬ್ಬಿತು. “ನೋಡ್ದೇನೆ? ಸಾಹಿತ್ಯಕ್ಕೆ ಎಂಥ ಶಕ್ತಿ ಐತೆ. ಆಕೆಗೂ ನನ್ ವರ್ಣನೆ ಇಡಿಸ್ತು,” ಎಂದ. ರಾಧಾಮಣಿ ಗಂಡನ ಮುಖವನ್ನೇ ನೋಡಿದಳು. ಮದುವೆಯಾಗಿ ಮೂವತ್ತೈದು ವರ್ಷವಾದ ಮೇಲೆ ಹೆಂಗಸರು ಕೆಲವು ಸಲ ಹಾಗೆ ನೋಡುತ್ತಾರೆ.

ಸಮಾರಂಭದ ದಿನ ಡೈರಿಯ ಮುಂದೆ ಶಾಮಿಯಾನ ಬಿತ್ತು. ಹಾರ, ಶಾಲು, ಹಣ್ಣಿನ ತಟ್ಟೆ ಎಲ್ಲ ಬಂದಿತ್ತು. ಅಚ್ಚಿಗೆ ಮುಂಚಿನ ಕೊನೆಯ ಪ್ರತಿಯನ್ನು ಹಿಡಿದುಕೊಂಡು ಮುನಿರಾಜನೂ ಬಂದಿದ್ದ. ಮೇಲಿನ ಆಫೀಸಿನಿಂದ ವಿಸ್ತರಣಾಧಿಕಾರಿ ಆಶಾರಾಣಿ ಮೇಡಂ ಬಂದರು. ಹಾಲಿನ ವಿಷಯ ಓದಿಕೊಂಡವರು, ಇನ್ನೂ ಮೂವತ್ತು ದಾಟದವರು, ಊರಿಗೆ ಹೊಸಬರು. ಕತೆಯನ್ನು ಅವರ ಕೈಯಿಂದಲೇ ಓದಿಸಿದರೆ ಗೌರವ ಎಂದು ಅಶ್ವತ್ಥಪ್ಪ ಹಾಳೆಗಳನ್ನು ಕೊಟ್ಟ. ಮುನಿರತ್ನಮ್ಮ ಡೈರಿಯ ಅಂಗಳಕ್ಕೆ ಬರಲಿಲ್ಲ. ಮೋರಿಯ ಆಚೆ ದಡದಲ್ಲಿ, ಹುಣಸೆಮರದ ಕೆಳಗೆ ನಿಂತಿದ್ದಳು.

ಮೇಡಂ ಚೆನ್ನಾಗಿ ಓದಿದರು. ದುರ್ಜಯನ ಮಗಳಿಗೆ ಜ್ವರ ಬಂದಾಗ ಹೆಂಗಸರು ಸೆರಗು ಕಣ್ಣಿಗೆ ಒತ್ತಿದರು. ನೆಂಟರು ಬಂದು ಅಳತೆ ಕಮ್ಮಿಯಾದಾಗ ಮುನಿಗಂಗಮ್ಮ ನಿಟ್ಟುಸಿರುಬಿಟ್ಟಳು. ಸಂಘದ ಗೌರವ ಬಂದಾಗ ಅಶ್ವತ್ಥಪ್ಪ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದ. ಸೊಂಟನೋವಿನಲ್ಲೂ ದುರ್ಜಯ ನೆರೆಯವರಿಗೆ ನೀರು ಹೊತ್ತಾಗ ಓದುತ್ತಿದ್ದ ಮೇಡಂ ಕೂಡ ನಿಲ್ಲಿಸಿ ಒಂದು ಗುಟುಕು ನೀರು ಕುಡಿದರು.

“ಎಷ್ಟು ಒಳ್ಳೆ ಮನುಷ್ಯ,” ಎಂದರು ಹಾಳೆ ತಿರುವುತ್ತಾ. “ಯಾರನ್ನ ನೋಡಿ ಬರೆದದ್ದು?”

ವೆಂಕಿ ಥಟ್ಟನೆ ಎದ್ದ. “ನಾನೇ ಮೇಡಂ. ಚುಕ್ಕಿ ಹಸು ನಂದೇ. ಬಣ್ಣ ತೊಳೆದು ತೋರಿಸ್ತೀನಿ.”

“ಕೂತ್ಕೊಳ್ಲಾ!” ಎಂದಳು ಮುನಿಗಂಗಮ್ಮ. “ನೆಂಟ್ರು ಬಂದಿದ್ದು ನಿನ್ ಮನೆಗಾ? ಮೇಡಂ, ಅದು ನಾನು. ಗಂಡಸಿನ ಹೆಸರಿಟ್ಟವ್ರೆ ಅಷ್ಟೇ.”

“ಶಾಂತಿ, ಶಾಂತಿ,” ಎಂದು ಅಶ್ವತ್ಥಪ್ಪ ಮೈಕು ಹಿಡಿದ. “ಅಧ್ಯಕ್ಷನಾಗಿ ನಾನು ಇದನ್ನ ಏಳ್ಕೊಬಾರ್ದು. ಆದ್ರೂ ಸತ್ಯ ಮುಚ್ಚಿಡೋಕಾಗಲ್ಲ.”

ನಾಲ್ಕು ದಿನ ಟವೆಲು ಸುತ್ತಿ, ಅರಿಶಿನ ಮೆತ್ತಿ, ಬಣ್ಣ ಬಳಿದವರೆಲ್ಲ ಈಗ ಖಳನಾಯಕನ ಪಟ್ಟಕ್ಕೆ ಒಬ್ಬರ ಮೇಲೊಬ್ಬರು ಬಿದ್ದರು. ಹತ್ತು ಹನ್ನೆರಡು ದುರ್ಜಯರು ಎದ್ದುನಿಂತದ್ದಾಯಿತು. ಇದನ್ನೆಲ್ಲ ನೋಡುತ್ತಾ ವೇದಿಕೆಯ ಮೇಲೆ ಹಾರ ಹಾಕಿಕೊಂಡು ಕೂತಿದ್ದ ಕೋದಂಡಪ್ಪ ಸತ್ಯಶೀಲನ ಸರದಿ ಬರಲೆಂದು ಕಾಯುತ್ತಿದ್ದ.

ಮೇಡಂ ಮುಂದೆ ಓದಿದರು. ಮಾಗಿಯ ಚಳಿ ಬಂತು, ಮಂಜು ಬಂತು, ಬೆಟ್ಟ ಮುಳುಗಿತು. “ಅವನ ಕ್ಯಾನಿನ ಹಾಲಿನಿಂದ ಹಬೆಯು ಏಳುತ್ತಿತ್ತು. ಸತ್ಯಶೀಲನು ಕ್ಷಣವೂ ತಡಮಾಡದೆ ಲ್ಯಾಕ್ಟೋಮೀಟರನ್ನು ಬಿಟ್ಟನು. ಡಿಗ್ರಿ ಬರಲಿಲ್ಲ...”

ಮೇಡಂ ನಿಲ್ಲಿಸಿದರು. ಅದೇ ಸಾಲನ್ನು ಇನ್ನೊಂದು ಸಲ ಮನಸ್ಸಿನಲ್ಲೇ ಓದಿಕೊಂಡರು.

“ಹಬೆ ಏಳ್ತಿತ್ತಾ? ಹಾಗಾದ್ರೆ ಆಗ ತಾನೇ ಕರೆದ ಹಾಲು. ಅಷ್ಟು ಬಿಸಿ ಹಾಲಿಗೆ ಕಡ್ಡಿ ಬಿಟ್ಟರೆ ಎರಡು ಮೂರು ಡಿಗ್ರಿ ಕಮ್ಮಿ ತೋರಿಸೇ ತೋರಿಸ್ತದೆ. ನೊರೆ ಇಳಿದು, ಆರಿದ ಮೇಲೆ ನೋಡ್ಬೇಕು. ಟ್ರೇನಿಂಗಿನ ಮೊದಲನೇ ದಿನ ಹೇಳಿಕೊಡೋ ಪಾಠ ಅದು.” ಅವರ ಮುಖ ಕೆಂಪಾಗಿತ್ತು. “ಈ ಹಾಲಲ್ಲಿ ನೀರೇ ಇರ್ಲಿಲ್ಲ. ಸುರಿದುಬಿಟ್ನಲ್ಲ! ಯಾರು ಈ ಸತ್ಯಶೀಲ? ಎಂಥ ಪಾಪಿ ಇವನು?”

ಶಾಮಿಯಾನದ ಬಟ್ಟೆ ಪಟಪಟ ಎನ್ನುವುದು ಕೇಳಿಸಿತು. ಎದ್ದಿದ್ದ ದುರ್ಜಯರೆಲ್ಲ ಒಬ್ಬೊಬ್ಬರಾಗಿ ಕೂತರು. ಸತ್ಯಶೀಲ ನಾನು ಎಂದು ಯಾರೂ ಏಳಲಿಲ್ಲ.

“ಕತೆ ಅಲ್ವಾ ಮೇಡಂ,” ಎಂದ ಅಶ್ವತ್ಥಪ್ಪ. “ಕಲ್ಪನೆ. ಅಂಥೋನು ಎಲ್ಲೂ ಇರಲ್ಲ. ಮುಂದೆ ಓದಿ, ಊಟಕ್ಕೆ ಒತ್ತಾಯ್ತು.”

ಕೋದಂಡಪ್ಪ ಎದ್ದ. ಏಳುವಾಗ ಹಾರ ಕುರ್ಚಿಯ ಕೈಗೆ ಸಿಕ್ಕಿ ಹರಿಯಿತು. ಚೆಂಡುಹೂಗಳು ವೇದಿಕೆಯ ತುಂಬ ಉರುಳಿದವು.

“ಅದು ನಾನು ಮೇಡಂ.”

ಮೇಡಂ ಹಾಳೆಗಳನ್ನು ಕೆಳಗಿಳಿಸಿದರು.

“ಅವತ್ತು ಗೊತ್ತಿರ್ಲಿಲ್ಲ. ನನ್ನನ್ನ ಕೆಲಸಕ್ಕೆ ಆಕ್ಕೊಂಡಾಗ ಕಡ್ಡಿ ಕೊಟ್ರು, ಪಾಠ ಏಳ್ಕೊಡ್ಲಿಲ್ಲ. ಆಲು ಸುರಿದ ಮಾರನೇ ವರ್ಷ ಟ್ರೇನಿಂಗಿಗೆ ಕಳಿಸಿದ್ರು. ಅಲ್ಲಿ ಏಳಿದ್ರು, ಬಿಸಿ ಆಲಿಗೆ ಬಿಡ್ಬಾರ್ದು ಅಂತ. ಆಗ ಗೊತ್ತಾಯ್ತು.” ಆತ ಪಂಚೆಯ ತುದಿ ಹಿಡಿದುಕೊಂಡಿದ್ದ. “ಹನ್ನೊಂದು ವರ್ಷದಿಂದ ಗೊತ್ತು. ಏಳ್ಲಿಲ್ಲ. ಟೆಸ್ಟರು ತಪ್ಪು ಅಂದ್ರೆ ನಾಳೆಯಿಂದ ಯಾರು ಕಡ್ಡಿ ನಂಬ್ತಾರೆ ಅಂತ ಸುಮ್ನಿದ್ದೆ. ಆಮೇಲೆ ಮರ್ತೇಬಿಟ್ಟೆ.” ಮೋರಿಯ ಆಚೆ ನೋಡಿದ. “ಮುನಿರತ್ನಮ್ಮನ ಆಲು ಬಿಸಿ ಇತ್ತು. ನೀರು ಇರ್ಲಿಲ್ಲ.”

ಹುಣಸೆಮರದ ಕೆಳಗೆ ನಿಂತಿದ್ದವಳು ತಲೆಯ ಮೇಲಿನ ಸೆರಗನ್ನು ಒಮ್ಮೆ ಸರಿಮಾಡಿಕೊಂಡಳು. ಆಮೇಲೆ, ಹಾಲು ಕರೆಯುವ ಹೊತ್ತಾಯಿತು ಎನ್ನುವವಳಂತೆ, ತಿರುಗಿ ಮನೆಯ ಕಡೆ ನಡೆದಳು.

ಇಂಥ ಸಂದರ್ಭದಲ್ಲಿ ಏನು ಮಾಡಬೇಕು ಎಂದು ಸಂಘದ ನಿಯಮಾವಳಿಯಲ್ಲಿ ಬರೆದಿಲ್ಲ. ಚಪ್ಪಾಳೆ ತಟ್ಟುವುದೋ ಬೈಯುವುದೋ ತಿಳಿಯದೆ ಜನ ಒಬ್ಬರ ಮುಖ ಒಬ್ಬರು ನೋಡಿದರು. ಮೇಡಂ ಕೈಯಲ್ಲಿ ಶಾಲು ಹಿಡಿದು ಅಶ್ವತ್ಥಪ್ಪನನ್ನು ಮೆಲ್ಲಗೆ ಕೇಳಿದರು, “ಇದನ್ನ ಹೊದಿಸೋದಾ, ಬೇಡ್ವಾ?”

ಅಶ್ವತ್ಥಪ್ಪ ಬಹಳ ಯೋಚಿಸಿದ. “ಒದ್ಸಿ ಮೇಡಂ. ತಂದಾಗೈತೆ,” ಎಂದ.

ಊಟದ ಹೊತ್ತಿಗೆ ಮುನಿರಾಜ ಹಾಳೆಗಳನ್ನು ಹಿಡಿದು ಕೋದಂಡಪ್ಪನ ಎಲೆಯ ಮುಂದೆ ಬಂದು ಕೂತ. “ಸಾರ್, ಬೆಳಿಗ್ಗೆ ಅಚ್ಚಿಗೆ ಹೋಗ್ಬೇಕು. ಈಗ ನಾಯಕ ಯಾರು, ಖಳನಾಯಕ ಯಾರು? ಹೆಸರು ಅದಲು ಬದಲು ಮಾಡ್ಲಾ?”

“ಯಾವುದನ್ನೂ ಮುಟ್ಬೇಡ. ಕೊನೇಲಿ ಒಂದು ಸಾಲು ಸೇರ್ಸು. ಹಾಲು ಬಿಸಿಯಿತ್ತು, ಅಂತ. ಕೆಂಪಕ್ಷರದಲ್ಲಿ.”

ಮುನಿರಾಜ ಬರೆದುಕೊಂಡ. “ಅವತ್ತೇ ಹೇಳಿದ್ದೆ ಸಾರ್, ನಾಯಕನಲ್ಲಿ ಒಂದು ತಪ್ಪು ಇಡಿ ಅಂತ.”

“ಇತ್ತು ಕಣಪ್ಪಾ. ನಾನೇ ಬರೆದಿದ್ದೆ. ವರ್ಣನೆ ಅಂದ್ಕೊಂಡಿದ್ದೆ,” ಎಂದ ಕೋದಂಡಪ್ಪ. ಪಾಯಸ ಬಡಿಸಲು ಬಂದವರಿಗೆ ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದ.

ಪುಸ್ತಕ ಬಂತು, ಮನೆಮನೆಗೂ ಒಂದೊಂದು ಹೋಯಿತು. ಅಕ್ಷರ ಬಾರದವರೂ ಕೊನೆಯ ಪುಟ ತೆಗೆದು ಕೆಂಪು ಸಾಲಿನ ಮೇಲೆ ಬೆರಳಿಟ್ಟು ನೋಡಿದರು. ನೀರು ಮುನಿರತ್ನಮ್ಮ ಎನ್ನುವವರ ಬಾಯಿಗೆ ಆ ‘ನೀರು’ ಬರುವಾಗ ಒಂದು ತಡೆ ಬಂದು, ಆಮೇಲಾಮೇಲೆ ಬರಿಯ ಮುನಿರತ್ನಮ್ಮ ಎಂದಾಯಿತು. ಡೈರಿಯಲ್ಲಿ ಮಿಷನ್ನು ಕೂತಿತು. ಕೋದಂಡಪ್ಪ ಗಾಜಿನ ಕಡ್ಡಿಯನ್ನು ಡೈರಿಗೇ ಒಪ್ಪಿಸಿ ಮನೆಯಲ್ಲಿ ಕೂತ. ಮಾತಾಡಿಸಲು ಬಂದವರಿಗೆ ಹ್ಞೂ ಎನ್ನುವುದಕ್ಕೂ ಹಿಂಜರಿಯುತ್ತಿದ್ದ.

ಶಿವರಾತ್ರಿ ಕಳೆದ ನಾಲ್ಕನೇ ದಿನ ಬೆಳಗ್ಗೆ ಬಾಗಿಲಲ್ಲಿ ಯಾರೋ ಕೆಮ್ಮಿದ ಹಾಗಾಯಿತು. ರಾಧಾಮಣಿ ಹೊರಗೆ ಬಂದಳು. ಮುನಿರತ್ನಮ್ಮ ಸೆರಗು ಮುಚ್ಚಿದ ಒಂದು ಸ್ಟೀಲಿನ ಪಾತ್ರೆ ಹಿಡಿದು ನಿಂತಿದ್ದಳು.

“ಅಸು ಕರು ಆಕ್ತು ರಾಧಮ್ಮಾ. ಎಣ್ಣು ಕರು. ತಗೋ.” ಒಳಗೆ ಇಣುಕಿ, ಗೋಡೆಗೊರಗಿ ಕೂತಿದ್ದ ಕೋದಂಡಪ್ಪನನ್ನು ನೋಡಿ ಸೇರಿಸಿದಳು. “ಡಿಗ್ರಿ ಗಿಗ್ರಿ ನೋಡ್ಬೇಡ ಅನ್ನು.”

ಕೋದಂಡಪ್ಪನ ಕೈ ತನಗೆ ತಿಳಿಯದಂತೆ, ಕಡ್ಡಿ ಇರುತ್ತಿದ್ದ ಅಂಗಿಯ ಜೇಬಿಗೆ ಹೋಗಿತ್ತು. ಅಲ್ಲಿ ಏನೂ ಇರಲಿಲ್ಲ.

ಗಂಡ ಹೆಂಡತಿ ಹನ್ನೆರಡು ವರ್ಷದ ಗಿಣ್ಣನ್ನು ತಿಂದು ಮುಗಿಸಿದರು. ಕೋದಂಡಪ್ಪ ಪಾತ್ರೆ ಎತ್ತಿಕೊಂಡು ಹಿತ್ತಲ ನಲ್ಲಿಯ ಕಡೆ ಹೊರಟ.

“ಏಯ್, ಏಯ್! ತೊಳೀಬೇಡ!” ಎಂದು ರಾಧಾಮಣಿ ಹಿಂದೆಯೇ ಓಡಿಬಂದಳು. “ಆಕೆ ಅಸು ಬತ್ತೋಗ್ಲಿ ಅಂತಲಾ?”

ಒಂದು ಸಣ್ಣ ಕೆನೆಯ ಕಲೆ ಕಂಡರೆ ಕ್ಯಾನು ಹಿಂದೆ ಕಳಿಸಿದ ಮನುಷ್ಯ, ತಳದಲ್ಲಿ ಗಿಣ್ಣು ಮೆತ್ತಿಕೊಂಡಿದ್ದ ಆ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟ. ರಾಧಾಮಣಿ ಅದರೊಳಗೆ ಬೆಲ್ಲದ ಉಂಡೆ ಇಟ್ಟಳು. ಆತ ಮುಚ್ಚಳವಿಲ್ಲದೆಯೇ ಅದನ್ನು ಹಿಡಿದು, ವೆಂಕಿಯ ಮನೆ ದಾಟಿ, ಅಶ್ವತ್ಥಪ್ಪನ ಮನೆ ದಾಟಿ, ಡೈರಿಯ ಸಾಲಿನಲ್ಲಿ ನಿಂತಿದ್ದ ಅಷ್ಟೂ ಜನರೆದುರು ಮೋರಿ ದಾಟಿ ಹೋದ. ಎರಡು ನೊಣ ಜೊತೆಗೆ ಹೋದವು.

ಮುನಿರತ್ನಮ್ಮ ಹಟ್ಟಿಯ ಬಾಗಿಲಲ್ಲಿ ಕರುವಿನ ಮೈ ಒರೆಸುತ್ತಿದ್ದಳು. ಎದ್ದು ಬಂದು ಪಾತ್ರೆ ತೆಗೆದುಕೊಂಡಳು. ಅದರ ಬಾಯೊಳಗೆ ಮೂಗಿಳಿಸಿ ದೀರ್ಘವಾಗಿ ಉಸಿರೆಳೆದಳು. ಆತನ ಮುಖ ನೋಡಿದಳು.

“ವಾಪಸ್,” ಎಂದಳು.

ಕೋದಂಡಪ್ಪ ತಲೆ ತಗ್ಗಿಸಿ ಎರಡೂ ಕೈ ಮುಂದೆ ಚಾಚಿದ. ಆಕೆ ಪಾತ್ರೆ ಕೊಡಲಿಲ್ಲ. ಬೆಲ್ಲದ ಉಂಡೆಯನ್ನು ಮುರಿದು ಅರ್ಧ ಬಾಯಿಗೆ ಹಾಕಿಕೊಂಡು, ಇನ್ನರ್ಧವನ್ನು ಆತ ಚಾಚಿದ ಕೈಯಲ್ಲಿಟ್ಟು, ಕರುವಿನ ಕಡೆ ತಿರುಗಿದಳು. ಅದರ ಹಣೆಯಲ್ಲಿ ಬಿಳಿ ಚುಕ್ಕಿಯಿತ್ತು.